ಷೇಕರರ ಪ್ರವಾಸ ದಿನಚರಿಗಳು

ಷೇಕರರೆಂಬ ಕ್ರೈಸ್ತ ಪಂಥದವರು 1774ರಲ್ಲಿ ಆನ್ ಲೀ ಎಂಬಾಕೆಯ ನೇತೃತ್ವದಲ್ಲಿ ಇಂಗ್ಲೆಂಡಿನಿಂದ ಅಮೆರಿಕೆಗೆ ಬಂದವರು. ಬ್ರಹ್ಮಚರ್ಯ, ಪಾಪನಿವೇದನೆ, ಸ್ವತ್ತೆಲ್ಲವೂ ಸಮಾಜದ್ದೆಂಬ ಕಟ್ಟಳೆ, ಇವು ಅವರ ನೇಮ. ಲೋಕದಿಂದ ಬೇರೆಯಾಗಿ ಬಾಳಬಯಸಿದ ಈ ಜನ ನೂರಾರು ಮೈಲಿ ಸಂಚರಿಸಿ ದಿನಚರಿಗಳನ್ನು ಬರೆದಿಟ್ಟರೆಂಬುದು ಮೊದಲ ನೋಟಕ್ಕೆ ವಿರೋಧವಾಗಿ ತೋರುತ್ತದೆ. ಆದರೆ ಪಶ್ಚಿಮದ ಸಮಾಜಗಳು ಹುಟ್ಟಿದ್ದೇ ಒಂದು ಪ್ರಯಾಣದಿಂದ. 1805ರ ಜನವರಿ 1ರಂದು ಜಾನ್ ಮೀಚಮ್, ಇಸಾಕರ್ ಬೇಟ್ಸ್, ಬೆಂಜಮಿನ್ ಸೇತ್ ಯಂಗ್ಸ್ ಎಂಬ ಮೂವರು ನ್ಯೂಯಾರ್ಕ್ ಪ್ರಾಂತದ ನ್ಯೂ ಲೆಬನಾನಿನಿಂದ ಕಾಲ್ನಡೆಯಲ್ಲಿ ಹೊರಟು, ಸಾವಿರಕ್ಕೂ ಹೆಚ್ಚು ಮೈಲಿ ಕ್ರಮಿಸಿ ಕೆಂಟಕಿ, ಒಹಾಯೋ ಸೀಮೆಗಳಲ್ಲಿ ಮತಪ್ರಚಾರ ಮಾಡಿದರು.

ಆ ಬೆಂಜಮಿನ್ನನ ತಮ್ಮನಾದ ಐಸಾಕ್ ನ್ಯೂಟನ್ ಯಂಗ್ಸನು 1834ರ ಬೇಸಗೆಯಲ್ಲಿ, ಹಿರಿಯನಾದ ರೂಫಸ್ ಬಿಷಪ್ಪನೊಡನೆ ಅದೇ ಪಶ್ಚಿಮದ ಸಮಾಜಗಳನ್ನು ನೋಡಿಬಂದನು. ಗಡಿಯಾರ ಮಾಡುವುದು ಈತನ ಕಸುಬುಗಳಲ್ಲೊಂದು. ಬರೆವಣಿಗೆಯಲ್ಲಿಯೂ ಆ ಕಸುಬಿನ ಅಚ್ಚುಕಟ್ಟನ್ನೇ ಕಾಣಬಹುದು. ಚಂಪೂಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಬೆಳೆದ ವಾಚಕನಿಗೆ ಈ ಬಗೆಯ ದಿನಚರಿಗಳು ಒಣಗಿದಂತೆ ತೋರಿದರೆ ಆಶ್ಚರ್ಯವಿಲ್ಲ. ಇವುಗಳನ್ನು ಸಾಹಿತ್ಯವೆಂದು ಕರೆಯಲು ಹಿಂಜರಿಯುವವರ ಆಕ್ಷೇಪವೂ ಇದೇ. ಆದರೆ ಈ ಆಕ್ಷೇಪ ಕೃತಿಯ ಉದ್ದೇಶವನ್ನು ಮರೆತುದು. ಬರೆಯುವವನು ತನ್ನ ಅನುಭವವನ್ನು ಮೆರೆಯಿಸಲು ಹೊರಟವನಲ್ಲ. ಮನೆಯಲ್ಲಿ ಉಳಿದ ಸೋದರ ಸೋದರಿಯರಿಗೆ, ತಾವೆಂದೂ ಕಾಣದ ಬಂಧುಗಳ ಊರನ್ನು ತೋರಿಸಬೇಕಾದವನು. ಸ್ವತ್ತಿನಲ್ಲಿ ‘ನನ್ನದು’ ಎಂಬುದನ್ನು ಬಿಟ್ಟವನು ಬರೆಹದಲ್ಲಿ ‘ನಾನು’ ಎಂಬುದನ್ನು ಹಿಂದಕ್ಕಿಟ್ಟರೆ ಅದು ಶಕ್ತಿಹೀನತೆಯಲ್ಲ.

ಯಂಗ್ಸನ ಪ್ರತಿಭೆ ಹೆಚ್ಚು ಬೆಳಗುವುದು ಅವನ ಗ್ರಾಮನಕ್ಷೆಗಳಲ್ಲಿ. ಮರುವರ್ಷವೇ, 1835ರಲ್ಲಿ, ಜಾರ್ಜ್ ಕೆಂಡಾಲನು ದಿನಚರಿಯಿಂದ ಅವನ್ನು ಪ್ರತಿಮಾಡಿದನು. ಓದುಗರ ಅಪೇಕ್ಷೆಗೆ ಇದಕ್ಕಿಂತ ಸಾಕ್ಷ್ಯ ಬೇಡ. ಷೇಕರರ ಇಂತಹ ನಕ್ಷೆಗಳಲ್ಲಿ ಅನೇಕವು ನೆಲವನ್ನು ಮೇಲಿನಿಂದಲೂ ಮನೆಗಳನ್ನು ಎದುರಿನಿಂದಲೂ ತೋರಿಸುತ್ತವೆ. ಬೀದಿಯ ಎರಡು ಕಡೆಯ ಮನೆಗಳನ್ನೂ ನೇರವಾಗಿ ಕಾಣಬೇಕಾದರೆ ಕಾಗದವನ್ನು ತಿರುಗಿಸಬೇಕು. ಭೂಮಾಪಕನು ಇದನ್ನು ತಪ್ಪೆಂದಾನು. ಆದರೆ ಬೀದಿಯಲ್ಲಿ ನಡೆದು ಎಡಕ್ಕೂ ಬಲಕ್ಕೂ ಮುಖ ತಿರುಗಿಸುವ ಅತಿಥಿಯ ಅನುಭವ ಇದರಿಂದಲೇ ಓದುಗನಿಗೆ ದೊರೆಯುತ್ತದೆ. ಗದ್ಯವು ಸಾಧಿಸದುದನ್ನು ರೇಖೆ ಇಲ್ಲಿ ಸಾಧಿಸಿದೆ. ಕಟ್ಟಡಕ್ಕೆ ದೊರೆತ ಪ್ರಾಧಾನ್ಯ ಜನರಿಗೆ ದೊರೆಯಲಿಲ್ಲವೆಂಬ ಕುಂದು ಮಾತ್ರ ಉಳಿಯುತ್ತದೆ.

1845ರಲ್ಲಿ ಪರಿಷ್ಕೃತವಾದ ಪಂಥದ ಕಟ್ಟಳೆಗಳು ವಾಸದ ಕೋಣೆಗಳಲ್ಲಿ ನಕ್ಷೆಯನ್ನಾಗಲಿ ಚಿತ್ರವನ್ನಾಗಲಿ ತೂಗುಹಾಕಕೂಡದೆಂದು ವಿಧಿಸಿದುವು. ಹೀಗೆ ಗೋಡೆಯ ಅಲಂಕಾರವಾಗದ ಈ ರೇಖೆಗಳು ಪುಸ್ತಕದೊಳಗೆ ಮಡಿಸಿಡುವ, ಕೈಯಲ್ಲಿ ಹಿಡಿದು ನೋಡುವ ವಸ್ತುಗಳಾಗಿಯೇ ಉಳಿಯಬೇಕಾಯಿತು.

1873ರಲ್ಲಿ ಕ್ಯಾಂಟರ್ಬರಿಯ ಹೆನ್ರಿ ಬ್ಲಿನ್ನನು ಕೆಂಟಕಿಗೆ ಹೋಗಿಬಂದು ತನ್ನ ಟಿಪ್ಪಣಿಗಳನ್ನು ಬರೆದಾಗ ರೈಲು ಬಂದಿತ್ತು, ಅಂತರ್ಯುದ್ಧ ಮುಗಿದಿತ್ತು, ಸಮಾಜಗಳು ಕ್ಷೀಣಿಸತೊಡಗಿದ್ದುವು. ಕೆಂಟಕಿಯ ಪ್ಲೆಸೆಂಟ್ ಹಿಲ್ 1910ರಲ್ಲಿ, ಬೆಂಜಮಿನ್ ಬಹುಕಾಲ ಹಿರಿಯನಾಗಿದ್ದ ಸೌತ್ ಯೂನಿಯನ್ 1922ರಲ್ಲಿ ಮುಚ್ಚಿದುವು. ಯಂಗ್ಸನು ಕಂಡ ಬೀದಿಗಳಲ್ಲಿ ಹಲವು ಈಗ ಕಾಗದದ ಮೇಲೆ ಮಾತ್ರ ನಡೆಯಬಹುದಾದವು.