ಅಂಚು ಮಸುಕಾದರೆ ಚಿತ್ರ ಕೆಟ್ಟದ್ದೇ? ವಿ.ಕೆ. ಮೂರ್ತಿ ಅವರ ಎರಡು ಸಿನಿಮಾಗಳ ಲೆನ್ಸ್ ಕುರಿತು

ಸಿನಿಮಾ ವಿಮರ್ಶೆ ಬರೆಯುವಾಗ ನಾವು ಕಥೆಗೆ ಹತ್ತು ಪುಟ ಕೊಡ್ತೀವಿ. ಕೊನೆಗೆ 'ಛಾಯಾಗ್ರಹಣ ಚೆನ್ನಾಗಿದೆ' ಅಂತ ಒಂದು ಸಾಲು ಬರೆದು ಕೈ ತೊಳ್ಕೊಳ್ತೀವಿ. ಚೆನ್ನಾಗಿದೆ ಅಂದ್ರ ಏನು? ಲೆನ್ಸಿನ ಗುಣಮಟ್ಟವನ್ನು ಯಾವ ಅಳತೆಯಿಂದ ಅಳೀಬೇಕು? ನನ್ನ ಪ್ರಬಂಧದ ಪ್ರಶ್ನೆ ಇದು.

ಹೋಲಿಕೆಗೆ ಮೈಸೂರಿನ ವಿ.ಕೆ. ಮೂರ್ತಿ ಅವರನ್ನು ತಗೊಂಡೀನಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಗುರುದತ್ ಅವರ 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959) ಎರಡಕ್ಕೂ ಕ್ಯಾಮೆರಾ ಇವರದೇ, ಎರಡೂ ಕಪ್ಪು-ಬಿಳುಪು. ಮೊದಲನೆಯದು ಸಾಮಾನ್ಯ ಲೆನ್ಸಿನದು. ಎರಡನೆಯದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ.

ಸ್ಕೋಪ್ ಲೆನ್ಸು ದೃಶ್ಯದ ಅಗಲವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿಗೆ ಇಳಿಸ್ತದ. ಪ್ರೊಜೆಕ್ಟರಿನ ಲೆನ್ಸು ಅದನ್ನು ಮತ್ತೆ ಎರಡು ಪಟ್ಟು ಹಿಗ್ಗಿಸ್ತದ. ಆ ಕಾಲದ ಸ್ಕೋಪ್ ಲೆನ್ಸುಗಳಲ್ಲಿ ಎರಡು ದೋಷ ಇದ್ದವು. ವಸ್ತು ಹತ್ತಿರ ಬಂದಷ್ಟೂ ಹಿಂಡುವ ಪ್ರಮಾಣ ಇಳೀತದ, ಹಿಗ್ಗಿಸೋದು ಮಾತ್ರ ಎರಡು ಪಟ್ಟೇ. ಹಿಂಗಾಗಿ ಸಮೀಪದ ಮುಖ ಮಂಗಬಾವು ಬಂದಂಗ ಅಗಲ ಕಾಣ್ತದ. ಹಾಲಿವುಡ್ಡಿನವರೂ ಈ ದೋಷಕ್ಕೆ ಆ ಕಾಯಿಲೆಯ ಹೆಸರನ್ನೇ ಇಟ್ಟಿದ್ದರು. ಎರಡನೆಯ ದೋಷ, ನಡುವೆ ಸ್ಪಷ್ಟ, ಅಂಚಿನಲ್ಲಿ ಮಸುಕು.

ನಮ್ಮ ಮಕ್ತಲ್ ಕಡೆಯವರಿಗೆ ಇದು ಬೇಗ ತಿಳೀತದ. ಗದ್ವಾಲ್ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು, ಸೆರಗು. ಆ ಸೀರೆಯನ್ನು ಚೌಕಟ್ಟಿನ ತುಂಬ ಹರಡಿ ಇಂಥ ಲೆನ್ಸಿನಿಂದ ತೆಗೆದರೆ ಒಡಲಿನ ನೂಲು ಕಾಣ್ತದ, ಅಂಚಿನ ಜರಿ ಕದಡಿಹೋಗ್ತದ. ಸೀರೆ ಮಾರುವವರಿಗೆ ಆ ಲೆನ್ಸು ಕೆಟ್ಟದ್ದೇ. ಸಿನಿಮಾಕ್ಕೂ ಕೆಟ್ಟದ್ದಾ?

'ಪ್ಯಾಸಾ'ದ ಕಥೆ ನಡೆಯೋದು ಕವಿಯ ಮುಖದ ಮೇಲೆ. ಅದಕ್ಕೆ ಹತ್ತಿರ ಹೋಗಬಲ್ಲ ಲೆನ್ಸೇ ಬೇಕು. 'ಕಾಗಜ್ ಕೆ ಫೂಲ್' ಚಿತ್ರದ ವಸ್ತು ದೂರ. ಖಾಲಿ ಸ್ಟುಡಿಯೋದಲ್ಲಿ ಇಬ್ಬರು ದೂರ ದೂರ ನಿಂತಿದ್ದಾರೆ. ಕನ್ನಡಿಗಳಿಂದ ತಿರುಗಿಸಿದ ಬಿಸಿಲಿನ ಕೋಲು ಮೇಲಿನಿಂದ ಇಳಿದಿದೆ. ಇಲ್ಲಿ ಅಗಲವೇ ಅರ್ಥ. ಮುಖದ ಮುಂದೆ ಸೋಲುವ ಲೆನ್ಸು ದೂರವನ್ನು ತೋರಿಸುವಲ್ಲಿ ಗೆದ್ದಿದೆ. ಆದರೂ ಪೂರ್ತಿ ಮೆಚ್ಚಲಾರೆ: ಜಾನಿ ವಾಕರ್ ಅವರ ಹಾಸ್ಯದ ಉಪಕಥೆಯಲ್ಲಿ ಆ ಅಗಲಕ್ಕೆ ಕೆಲಸವೇ ಇಲ್ಲ.

ಕನ್ನಡದಲ್ಲಿ 1977ರಲ್ಲೇ ಎರಡೂ ದಾರಿ ಕಾಣ್ತವ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ' ಆ ವರ್ಷದ್ದು, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ 'ಘಟಶ್ರಾದ್ಧ'ವೂ ಆ ವರ್ಷದ್ದೇ. ಪರದೆ ಅಗಲವಾದ ಮಾತ್ರಕ್ಕೆ ಚಿತ್ರ ಮೇಲಾಗೋದಿಲ್ಲ, ಕಿರಿದಾದ ಮಾತ್ರಕ್ಕೆ ಕೆಳಗೂ ಇಳಿಯೋದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳ ತೆಲುಗು ಬೆರೆತ ಕನ್ನಡವನ್ನೂ ನಡುವಿನ ಕನ್ನಡದ ಅಳತೆಗೋಲಿನಿಂದ ನೋಡಿ 'ಮಸುಕು' ಅಂತೀವಿ. ಲೆನ್ಸಿನ ವಿಷಯದಲ್ಲಾದರೆ ಮಸುಕು ಗಾಜಿನದು ಅಂತ ಒಪ್ಕೊಳ್ತೀವಿ, ಅಂಚಿನ ವಸ್ತುವಿನದಲ್ಲ. ಭಾಷೆಗೆ ಬಂದಾಗ ಯಾಕೆ ಒಪ್ಪೋದಿಲ್ಲ? ಚರ್ಚೆಗೆ ಈ ಪ್ರಶ್ನೆ ಇಟ್ಟು ಮುಗಿಸ್ತೀನಿ.