ಗಿರಣಿಗಾರನ ಮಾತು, ನ್ಯಾಯಾಧೀಶರ ಲೇಖನಿ

ಇತಿಹಾಸದ ಸ್ನಾತಕೋತ್ತರ ತರಗತಿಗಳಲ್ಲಿ ಸಾಂಸ್ಕೃತಿಕ ಇತಿಹಾಸವನ್ನು ಆರಿಸಿಕೊಂಡವರಿಗೆ ಅರಸರ ವಂಶಾವಳಿಗಿಂತ ಜನಸಾಮಾನ್ಯರ ನಂಬಿಕೆ, ನಗು, ಭಯಗಳೇ ಅಧ್ಯಯನದ ವಸ್ತು. ಅಂಥವರಿಗೆ ಬಹುಮಟ್ಟಿಗೆ ಎದುರಾಗುವ ಕೃತಿ, ಇಟಲಿಯ ಕಾರ್ಲೊ ಗಿಂಜ್‌ಬರ್ಗ್ 1976ರಲ್ಲಿ ಪ್ರಕಟಿಸಿದ ‘ಚೀಸ್ ಮತ್ತು ಹುಳುಗಳು’. ನಮ್ಮ ಧರ್ಮಸಭೆಯ ಗಾಯವೊಂದನ್ನು ಮುಟ್ಟುವ ಪುಸ್ತಕವಿದು. ಆದುದರಿಂದಲೇ ನಮ್ಮ ಕುಟುಂಬಗಳೂ ಇದನ್ನು ಅರಿತಿರುವುದು ಒಳಿತು.

ಮೆನೋಕ್ಕಿಯೊ ಎಂದು ಕರೆಯಲ್ಪಡುತ್ತಿದ್ದ ಡೊಮೆನಿಕೊ ಸ್ಕಾಂಡೆಲ್ಲಾ, ಫ್ರಿಯುಲಿ ಪ್ರಾಂತ್ಯದ ಮೊಂಟೆರೆಯಾಲೆ ಗ್ರಾಮದಲ್ಲಿ 1532ರಲ್ಲಿ ಜನಿಸಿದ ಗಿರಣಿಗಾರ. ಹಾಲು ಹೆಪ್ಪುಗಟ್ಟಿ ಚೀಸ್ ಆಗಿ, ಅದರಲ್ಲಿ ಹುಳುಗಳು ಕಾಣಿಸಿಕೊಳ್ಳುವಂತೆ, ಆದಿಯ ಗೊಂದಲರಾಶಿ ಗಟ್ಟಿಯಾಗಿ ಅದರಿಂದ ದೇವದೂತರು ಹುಟ್ಟಿದರೆಂದು ಆತ ಹೇಳುತ್ತಿದ್ದ. 1584ರಲ್ಲಿ ಧರ್ಮವಿಚಾರಣೆಗೆ ಒಳಗಾಗಿ ಸೆರೆವಾಸ ಕಂಡ; 1599ರಲ್ಲಿ ಎರಡನೆಯ ವಿಚಾರಣೆ ನಡೆದು ಮರಣದಂಡನೆಗೆ ಗುರಿಯಾದ.

ಆತ ಬೈಬಲಿನ ಜೊತೆಗೆ ಮಾಂಡೆವಿಲ್ಲನ ಪ್ರವಾಸ ಕಥನವನ್ನೂ ಬೊಕ್ಯಾಚಿಯೊನ ಕಥೆಗಳನ್ನೂ ಓದಿದ್ದ. ಆದರೆ ಓದಿದ್ದು ಒಂದು, ಹೇಳಿದ್ದು ಮತ್ತೊಂದು. ಈ ಅಂತರದಲ್ಲಿ ಗಿಂಜ್‌ಬರ್ಗರು ಬರಹಕ್ಕಿಳಿಯದ ಪುರಾತನ ರೈತಸಂಸ್ಕೃತಿಯೊಂದನ್ನು ಕಾಣುತ್ತಾರೆ. ಈ ತೀರ್ಮಾನವನ್ನು ಡೊಮಿನಿಕ್ ಲಕಾಪ್ರಾ 1985ರಲ್ಲಿ ಪ್ರಶ್ನಿಸಿದರು. 1990ರಲ್ಲಿ ವಿಚಾರಣೆಯ ದಾಖಲೆಗಳನ್ನು ಪ್ರಕಟಿಸಿದ ಆಂದ್ರೆಯಾ ದೆಲ್ ಕೊಲ್ ಅವರಿಗೆ ಅವುಗಳಲ್ಲಿ ಕಂಡದ್ದು ಕಥಾರ್ ಪಂಥದ ಛಾಯೆ. ನನಗೂ ಆಕ್ಷೇಪವಿದೆ. ಪುಸ್ತಕದಲ್ಲಿ ಮೂಲ ಸಿಗದುದನ್ನೆಲ್ಲ ಮೌಖಿಕ ಪರಂಪರೆಯ ಲೆಕ್ಕಕ್ಕೆ ಬರೆದರೆ, ಅದನ್ನು ಅಲ್ಲಗಳೆಯುವ ಬಗೆ ಯಾವುದು? ಒಬ್ಬ ಮನುಷ್ಯ ತಾನೇ ಯೋಚಿಸಿರಲಾರನೇ?

ಇನ್ನೊಂದು ತೊಡಕೂ ಇದೆ. ಮೆನೋಕ್ಕಿಯೊನ ಮಾತು ನಮಗೆ ದಕ್ಕಿರುವುದು ಆತನನ್ನು ಪ್ರಶ್ನಿಸಿದವರ ದಾಖಲೆಯಿಂದಲೇ. ಭಯದಲ್ಲಿ ನುಡಿದ ಉತ್ತರವನ್ನು ಪಾಪನಿವೇದನೆಯಂತೆ ಸಹಜವೆಂದು ತಿಳಿಯಲಾದೀತೇ? ವಿಚಾರಣಾಧಿಕಾರಿಯನ್ನು ಮಾನವಶಾಸ್ತ್ರಜ್ಞನಿಗೆ ಹೋಲಿಸಿ ಗಿಂಜ್‌ಬರ್ಗರೇ ಮುಂದೆ ಪ್ರತ್ಯೇಕ ಲೇಖನ ಬರೆದರೆಂಬುದನ್ನು ಮೆಚ್ಚಲೇಬೇಕು.

ಗುರುವಾಗಿ ನನ್ನನ್ನು ಕಾಡಿದ್ದು ಮಾತ್ರ ಈ ಸಿದ್ಧಾಂತಗಳಲ್ಲ. ಆತನ ಮೇಲೆ ಹೆಸರಿಲ್ಲದ ದೂರು ಬರೆದವನು ಆ ಊರಿನ ಧರ್ಮಕೇಂದ್ರದ ಗುರು ಒದೊರಿಕೊ ವೊರಾಯ್. ಗ್ರಾಮಸ್ಥರೋ ಆತನ ಮಾತುಗಳನ್ನು ವರ್ಷಗಟ್ಟಲೆ ಕೇಳಿಸಿಕೊಂಡು ಸುಮ್ಮನಿದ್ದರು. ಸೆರೆಯಿಂದ ಬಂದವನನ್ನು 1590ರಲ್ಲಿ ದೇವಾಲಯದ ಹಣಕಾಸು ನೋಡಿಕೊಳ್ಳಲು ಮತ್ತೆ ನೇಮಿಸಿದರು. ಆ ವೇಳೆಗೆ ಅಲ್ಲಿ ಗುರುವಾಗಿದ್ದವನು ಆತನ ಬಾಲ್ಯದ ಗೆಳೆಯ.

1979ರಲ್ಲಿ ಗಿಂಜ್‌ಬರ್ಗರು ಎರಡನೆಯ ಜಾನ್ ಪೌಲರಿಗೆ ಪತ್ರ ಬರೆದು, ರೋಮಿನ ವಿಚಾರಣಾ ಪತ್ರಾಗಾರವನ್ನು ಸಂಶೋಧಕರಿಗೆ ತೆರೆಯುವಂತೆ ಬೇಡಿದ್ದರು. 1998ರಲ್ಲಿ ಅದು ತೆರೆಯಿತು.