ತದಾಹೃತಾದಾನ ಮತ್ತು ಅಂತರ್ಜಾಲದ ಸಂತೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಎರಡನೆಯದು ತದಾಹೃತಾದಾನ, ಅಂದರೆ ಕಳ್ಳನು ತಂದುದನ್ನು ಸ್ವೀಕರಿಸುವುದು. ಕಳವಿನ ಒಡವೆ ಕೊಳ್ಳುವ ಚಿನಿವಾರನ ದೃಷ್ಟಾಂತ ಹೇಳಿ ಇದನ್ನು ಮುಗಿಸಿಬಿಡುವುದು ನಮ್ಮ ಪ್ರವಚನಗಳ ರೂಢಿ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರ ವಿವರಣೆ ಇದಕ್ಕಿಂತ ಬಿಗಿಯಾದುದು. ತಾನು ಪ್ರೇರಿಸದ, ತಾನು ಅನುಮೋದಿಸದ ಕಳ್ಳನು ತಂದುದನ್ನು ಕೊಂಡರೂ ಅದು ಅತಿಚಾರವೇ. ಕಳವಿಗೆ ಪ್ರೇರೇಪಿಸುವುದು ಸ್ತೇನಪ್ರಯೋಗವೆಂಬ ಬೇರೆಯೇ ದೋಷ. ಆದುದರಿಂದ ‘ಕಳ್ಳನಿಗೂ ನನಗೂ ಸಂಬಂಧವಿಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಅಂತರ್ಜಾಲದ ಮಾರುಕಟ್ಟೆಗಳು ನಿಂತಿರುವುದು ಇದೇ ಸಮಾಧಾನದ ಮೇಲೆ. ಮಳಿಗೆ ತನ್ನದು, ಸರಕು ಮತ್ತೊಬ್ಬನದು ಎಂಬುದು ಅವುಗಳ ವಾದ. ಅಮೆರಿಕದಲ್ಲಿ ಅಂಗಡಿಗಳಿಂದ ಗುಂಪುಗುಂಪಾಗಿ ಕದ್ದ ಸಾಮಗ್ರಿ ಇಂಥ ತಾಣಗಳಲ್ಲಿ ಮಾರಾಟವಾಗತೊಡಗಿದ ಮೇಲೆ ‘ಇನ್‌ಫಾರ್ಮ್’ ಎಂಬ ಕಾಯಿದೆ 2022ರ ಡಿಸೆಂಬರಿನಲ್ಲಿ ಅಂಗೀಕೃತವಾಗಿ 2023ರ ಜೂನ್ 27ರಿಂದ ಜಾರಿಗೆ ಬಂದಿತು. ದೊಡ್ಡ ಪ್ರಮಾಣದ ಮಾರಾಟಗಾರನ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಸಂಪರ್ಕದ ವಿವರಗಳನ್ನು ತಾಣವು ಪಡೆದು ಪರಿಶೀಲಿಸಬೇಕು; ಆತ ವಿವರ ಕೊಡದಿದ್ದರೆ ಮಾರಾಟ ನಿಲ್ಲಿಸಬೇಕು. ಹೆಸರಿಲ್ಲದವನಿಗೆ ಗದ್ದುಗೆ ಕೊಡುವುದಿಲ್ಲ ಎಂಬ ಈ ನಿಲುವು ಶ್ಲಾಘ್ಯವೇ ಸರಿ.

ಆದರೆ ‘ದೊಡ್ಡ ಪ್ರಮಾಣ’ ಎಂದರೇನು? ಹನ್ನೆರಡು ತಿಂಗಳ ಅವಧಿಯಲ್ಲಿ ಕನಿಷ್ಠ 200 ಮಾರಾಟ, ಜೊತೆಗೆ 5,000 ಡಾಲರ್ ಆದಾಯ. ಅದೂ ಹೊಸ ಅಥವಾ ಬಳಸದ ವಸ್ತುಗಳಾಗಿದ್ದರೆ ಮಾತ್ರ. ನಮ್ಮ ದೇಶದ 2020ರ ಇ-ವಾಣಿಜ್ಯ ನಿಯಮಗಳು ಮಾರಾಟಗಾರನ ಹೆಸರು, ವಿಳಾಸಗಳನ್ನು ತಾಣದಲ್ಲಿ ಪ್ರಕಟಿಸಬೇಕೆಂದು ವಿಧಿಸುತ್ತವೆ. ಆದರೆ ವೃತ್ತಿಯಾಗಿ ಅಲ್ಲದೆ ವೈಯಕ್ತಿಕವಾಗಿ ಮಾರುವವನನ್ನು ಹೊರಗಿಡುತ್ತವೆ. ಹಳೆಯ ಮಂಚ ಮಾರುವ ಗೃಹಸ್ಥನಿಗೆ ತೊಡಕಾಗದಿರಲೆಂಬುದು ನ್ಯಾಯವೇ. ಕದ್ದ ಒಂದೇ ವಸ್ತುವನ್ನು ಮಾರಿ ಮರೆಯಾಗುವವನೂ ಅದೇ ಬಾಗಿಲಿನಿಂದ ನುಸುಳುತ್ತಾನೆ. ವ್ರತಕ್ಕೆ ಇಂಥ ಎಣಿಕೆಯ ಮಿತಿಯಿಲ್ಲ.

ಹಾಗಾಗಿ ಆ ಒಂದು ಮಾರಾಟದ ಹೊಣೆ ಕೊಳ್ಳುವವನ ಮೇಲೆ ಬೀಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ತಿಳಿದು ಕೊಂಡವನನ್ನಷ್ಟೇ ಅಲ್ಲ, ಕಳವಿನದೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದವನನ್ನೂ ಹಿಡಿಯುತ್ತದೆ. ಪೇಟೆಯ ಧಾರಣೆಯ ಅರ್ಧಕ್ಕೆ, ರಸೀದಿಯಿಲ್ಲದೆ ಸಿಗುವ ಮಾಲು ತಾನೇ ಒಂದು ಕಾರಣವೆಂದು ಯಾವ ವರ್ತಕನಿಗೆ ತಿಳಿಯದು! ಮೊಬೈಲ್ ಫೋನಿನ ವಿಷಯದಲ್ಲಂತೂ ನೆಪವೇ ಉಳಿದಿಲ್ಲ. ಸರ್ಕಾರದ ‘ಸಂಚಾರ ಸಾಥಿ’ ವ್ಯವಸ್ಥೆಯಲ್ಲಿ ಫೋನಿನ ಹದಿನೈದು ಅಂಕಿಯ ಐ.ಎಂ.ಇ.ಐ. ಸಂಖ್ಯೆಯನ್ನು ಕೊಟ್ಟರೆ, ಕಳವಿನ ದೂರಿನ ಮೇಲೆ ಅದನ್ನು ತಡೆಹಿಡಿದಿದ್ದಾರೆಯೇ ಎಂಬುದು ಕೊಳ್ಳುವ ಮೊದಲೇ ತಿಳಿಯುತ್ತದೆ.

ಜಿನಬಿಂಬಗಳಿಗೆ ಅಂಥ ಸಂಖ್ಯೆಯಿಲ್ಲ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ವಿಗ್ರಹಗಳ ಕಳವಾದುದನ್ನು ಸಮಾಜ ಮರೆತಿಲ್ಲ. ಅಂಗೈಯಗಲದ ಲೋಹಬಿಂಬಗಳು ಒಂದನ್ನೊಂದು ಹೋಲುತ್ತವೆ. ಲಾಂಛನ ಸವೆದಿದ್ದರೆ ಯಾವ ತೀರ್ಥಂಕರರೆಂದು ಹೇಳುವುದೂ ಕಷ್ಟ. ಅಂಥದೊಂದು ‘ಪುರಾತನ ಕಂಚು’ ಎಂಬ ಹೆಸರಿನಲ್ಲಿ ತಾಣದಲ್ಲಿ ಕಾಣಿಸಿದರೆ ಅದು ನಮ್ಮ ಬಸದಿಯದೆಂದು ಯಾವ ಆಧಾರದಿಂದ ಹೇಳುವುದು? ಮುಂದೆ, ಹಿಂದೆ, ಪೀಠದ ಕೆಳಗೆ ತೆಗೆದ ಛಾಯಾಚಿತ್ರ, ಎತ್ತರ, ತೂಕ, ಪೀಠದ ಹಿಂಬದಿಯ ದಾನಿಯ ಲೇಖ, ಇಷ್ಟನ್ನು ಬರೆದಿಟ್ಟ ಪುಸ್ತಕವಿದ್ದರೆ ತಾಣಕ್ಕೂ ಪೊಲೀಸರಿಗೂ ಅಂದೇ ತೋರಿಸಬಹುದು. ಟ್ರಸ್ಟುಗಳು ಹುಂಡಿಯ ಲೆಕ್ಕವನ್ನು ಪೈಸೆಪೈಸೆಯಾಗಿ ಲೆಕ್ಕಪರಿಶೋಧಕರ ಮುಂದಿಡುತ್ತವೆ. ಬಿಂಬಗಳ ಇಂಥ ಪಟ್ಟಿಯನ್ನೂ ಅದೇ ವಾರ್ಷಿಕ ಸಭೆಯಲ್ಲಿ ಓದಿ, ಒಂದು ಪ್ರತಿಯನ್ನು ಬಸದಿಯ ಹೊರಗೆ ಇರಿಸತಕ್ಕದ್ದು.